ಕೆಂಪು ಪೆನ್ಸಿಲ್ ಹಿಡಿದ ಕೈ

ಸೂಜಿಯಮ್ಮನಿಗೆ ಸುದ್ದಿ ಮುಟ್ಟಿಸಿದವನು ಗೂಬೆಯಣ್ಣ. ಇಬ್ಬರಿಗೂ ಅವು ಹೆತ್ತವರು ಇಟ್ಟ ಹೆಸರುಗಳಲ್ಲ, ಸ್ಟುಡಿಯೋ ಯಜಮಾನರು ಅಂಟಿಸಿದವು. ಒಂದೇ ಫೋಟೋ ಸ್ಟುಡಿಯೋದಲ್ಲಿ ಮೂವತ್ತೊಂದು ವರ್ಷ ದುಡಿದವರು ಅವರು. ಹಗಲೆಲ್ಲ ಕತ್ತಲೆಕೋಣೆಯಲ್ಲಿ ಫಿಲ್ಮ್ ತೊಳೆಯುತ್ತಿದ್ದುದಕ್ಕೆ ಅವನು ಗೂಬೆ. ಪೆನ್ಸಿಲನ್ನು ಸೂಜಿಗಿಂತ ಚೂಪಾಗಿ ಹೆರೆದುಕೊಂಡು, ನೆಗೆಟಿವ್‌ಗಳ ಮೇಲೆ ಬಗ್ಗಿ, ಜನರ ಮುಖದ ಮಚ್ಚೆ ಮೊಡವೆಗಳನ್ನು ಅಳಿಸುತ್ತಿದ್ದುದಕ್ಕೆ ಇವಳು ಸೂಜಿ. ಸ್ಟುಡಿಯೋ ಮುಚ್ಚಿ ಹನ್ನೆರಡು ವರ್ಷವಾಗಿತ್ತು, ಹೆಸರುಗಳು ಮಾತ್ರ ಬಿಟ್ಟಿರಲಿಲ್ಲ.

"ಏನ್ರೀ ಸೂಜಿಯಮ್ಮ, ನಿಮ್ಮ ಕೈಕೆಲಸ ಗೋಡೆ ಮೇಲೆ ತೂಗುಹಾಕಿದ್ದಾರೆ, ಗೊತ್ತಾ?" ಎಂದ ಫೋನಿನಲ್ಲಿ.

"ನನ್ನ ಕೈಕೆಲಸ ಕಾಣೋ ಹಂಗಿದ್ರೆ ಯಜಮಾನರು ಆವತ್ತೇ ನನ್ನ ಮನೆಗೆ ಕಳಿಸ್ತಿದ್ರು. ಏನು ವಿಷ್ಯ ಸರಿಯಾಗಿ ಹೇಳು."

"ತಿದ್ದಿದ್ದಲ್ಲ ಮಾರಾಯ್ತಿ, ತಿದ್ದೋಕೆ ಮುಂಚೆ ಗುರುತು ಹಾಕಿದ್ದು. ಕೆಂಪು ಪೆನ್ಸಿಲಿನ ಸುತ್ತು. ನಮ್ಮ ಹಳೇ ಪ್ರೂಫ್ ಪ್ರಿಂಟುಗಳೆಲ್ಲ ಯಾವಳೋ ಚಿತ್ರ ಬರೆಯೋಳ ಕೈಗೆ ಸಿಕ್ಕಿವೆ. ಬಾಗಿಲಷ್ಟೆತ್ತರ ಬರೆದಿದ್ದಾಳೆ, ನಿಮ್ಮ ಸುತ್ತುಗಳ ಸಮೇತ. ನಾನು ಮೊಮ್ಮಗಳ ಜೊತೆ ಹೋಗಿದ್ದೆ. ನೋಡಿ ನಗು ತಡೆಯೋಕಾಗಲಿಲ್ಲ. ಹೋಗಿ ಬನ್ನಿ."

ನಕ್ಕುಬಿಟ್ಟು ಮರೆಯುವ ವಿಷಯ ಎಂದುಕೊಂಡೇ ಸೂಜಿಯಮ್ಮ ಮರುದಿನ ಹೊರಟಳು. ಮಗಳ ಮನೆಯಲ್ಲಿದ್ದವಳು, ಮಗಳೂ ಅಳಿಯನೂ ಕೆಲಸಕ್ಕೆ ಹೋದಮೇಲೆ ಮನೆಗೆ ಬೀಗ ಹಾಕಿಕೊಂಡು ಬಸ್ ಹಿಡಿದಳು.

ಒಂದು ಕಾಲದಲ್ಲಿ ಗೋದಾಮಾಗಿದ್ದ ಉದ್ದನೆಯ ಕಟ್ಟಡ. ಗೋಡೆಗೆ ಬಿಳಿ ಬಳಿದು, ನೆಲಕ್ಕೆ ಸಿಮೆಂಟು ತಿಕ್ಕಿ ಹೊಳಪು ಬರಿಸಿದ್ದರು. ಬಾಗಿಲ ಬಳಿ ಮೇಜಿನ ಹಿಂದೆ ಕೂತಿದ್ದ ಹೆಂಗಸು ಕೈಗೊಂದು ಮಡಿಸಿದ ಕಾಗದ ಕೊಟ್ಟು, "ಫೋಟೋ ತೆಗೀಬಹುದು, ಮುಟ್ಟಬಾರದು" ಎಂದಳು.

ಮೊದಲ ಚಿತ್ರದ ಮುಂದೆಯೇ ಸೂಜಿಯಮ್ಮ ನಿಂತುಬಿಟ್ಟಳು. ಅಂಚೆ ಕಚೇರಿಯ ಗುಮಾಸ್ತ! ಒಂದು ಕಿವಿ ಎಡಕ್ಕೆ ಗೋಡೆಗಂಟಿದ ಬೀದಿದೀಪದ ಹಾಗೆ ಚಾಚಿಕೊಂಡಿದ್ದವನು. ಆ ಕಿವಿಯ ಸುತ್ತ ಕೆಂಪು ಸುತ್ತು, ಅಲ್ಲಿಂದ ಒಳಕ್ಕೊಂದು ಬಾಣ. ಹೌದು, ಅದು ತನ್ನದೇ ಬಾಣ. 'ಒಳಗೆ ತಳ್ಳು' ಎಂದು ತನಗೆ ತಾನೇ ಹೇಳಿಕೊಳ್ಳುವ ಗುರುತು. ಮುಂದಿನದು ಮೆಳ್ಳೆಗಣ್ಣಿನ ಸಂಗೀತದ ಮೇಷ್ಟ್ರು. ಅದರಾಚೆ ಬಟ್ಟೆ ಅಂಗಡಿಯವರ ಎರಡನೇ ಗಲ್ಲ, ಅಡ್ಡಗೆರೆ ಎಳೆದು ಕತ್ತರಿಸಿದ್ದು. ಅವರನ್ನೆಲ್ಲ ಅವಳು ಅಂಗೈಯಗಲದ ನೆಗೆಟಿವ್‌ನಲ್ಲಿ, ಅದೂ ತಲೆಕೆಳಗಾಗಿ, ಕಪ್ಪು ಬಿಳಿಯಾಗಿ ಬಿಳಿ ಕಪ್ಪಾಗಿ ನೋಡಿದ್ದವಳು. ಈಗ ಒಬ್ಬೊಬ್ಬರೂ ಆಳೆತ್ತರದಲ್ಲಿ ಎದ್ದುನಿಂತು ತನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾರೆ.

ಗೋಡೆಯ ಮೇಲೊಂದು ಹಲಗೆ ಇತ್ತು. ಕನ್ನಡಕ ಏರಿಸಿಕೊಂಡು ಓದಿದಳು.

'ಈ ಚಿತ್ರಗಳಿಗೆ ಆಧಾರವಾದ ಫೋಟೋಗಳು ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದವು. ಮುಖಗಳು ಯಾರವೋ ತಿಳಿಯದು. ಕೆಂಪು ಗುರುತು ಹಾಕಿದ ಕೈ ಯಾರದೋ ತಿಳಿಯದು. ಮನುಷ್ಯರ ಮುಖದಲ್ಲಿ ತಪ್ಪು ಹುಡುಕುವುದನ್ನೇ ಕಸುಬು ಮಾಡಿಕೊಂಡ ನಿರ್ದಯ ಕೈ ಅದು.'

ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗಿಯೊಬ್ಬಳು ಗೆಳತಿಗೆ, "ಎಂಥಾ ಕಲ್ಲು ಮನಸ್ಸಿನ ಮನುಷ್ಯ ಇರಬೇಕು ನೋಡೇ" ಎಂದಳು.

"ಪೊಲೀಸಿನವನೇನೋ."

ಸೂಜಿಯಮ್ಮನ ಬಾಯಿಗೆ ಮಾತು ಬಂದೇಬಿಟ್ಟಿತ್ತು. ಗಿರಾಕಿಗಳೇ ಬೆರಳಿಟ್ಟು ತೋರಿಸ್ತಿದ್ರು ಕಣಮ್ಮಾ, ಈ ಮಚ್ಚೆ ತೆಗೀರಿ, ಈ ಗಲ್ಲ ಇಳಿಸಿ, ನಾನೇನು ಮನೆ ಮನೆಗೆ ಹೋಗಿ ಹುಡುಕ್ತಿದ್ನಾ? ಆದರೆ ನುಂಗಿಕೊಂಡಳು. ಹಾಗೆ ನುಂಗಿಕೊಂಡು ಪಕ್ಕಕ್ಕೆ ತಿರುಗಿದಳು.

ಏಳನೆಯ ಚಿತ್ರ ಅವಳ ತಂಗಿಯದು.

ಇಪ್ಪತ್ತೆರಡು ವರ್ಷದ ತಂಗಿ. ಬಿಗಿಯಾಗಿ ಬಾಚಿದ ಕೂದಲು, ಇಸ್ತ್ರಿಯ ಗೆರೆ ಇನ್ನೂ ಎದ್ದುಕಾಣುವ ಕಾಲರು. ಎಡಗೆನ್ನೆಯಲ್ಲಿ ಕಿವಿಯ ಬುಡದಿಂದ ಬಾಯಿಯ ತುದಿಯವರೆಗೆ ಸುಟ್ಟ ಕಲೆ, ಸುಕ್ಕುಗಟ್ಟಿದ ಹಾಲಿನ ಕೆನೆಯ ಹಾಗೆ. ಅದರ ಸುತ್ತ ಕೆಂಪು ಸುತ್ತು ಒಂದಲ್ಲ, ಮೂರು. ಮೂರನೆಯದು ಕಾಗದವನ್ನೇ ಹರಿದಿತ್ತು. ಚಿತ್ರಗಾರ್ತಿ ಆ ಹರಿದ ಅಂಚನ್ನೂ ಬಿಡದೆ ಬರೆದಿದ್ದಳು.

ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಹೊರಬಂದು ಎದುರಿಗೆ ಬಂದ ಬಸ್ಸು ಹತ್ತಿದಳು. ಎರಡು ನಿಲ್ದಾಣ ಆದಮೇಲೆ ಅದು ತನ್ನ ಕಡೆಯ ಬಸ್ಸಲ್ಲವೆಂದು ಗೊತ್ತಾಯಿತು.

ಆ ಕಲೆ ಬಂದದ್ದು ತಂಗಿಗೆ ಐದು ವರ್ಷವಿದ್ದಾಗ, ಇವಳಿಗೆ ಒಂಬತ್ತು. ಒಲೆಯ ಮೇಲಿದ್ದ ಕುದಿನೀರಿನ ಪಾತ್ರೆ ಉರುಳಿ ಮಗುವಿನ ಮೇಲೆ ಬಿತ್ತು ಎಂದೇ ಮನೆಯಲ್ಲೆಲ್ಲ ಮಾತು. ಅಮ್ಮ ಸಾಯುವವರೆಗೂ ಹಾಗೇ ಹೇಳಿದಳು. ಆದರೆ ಪಾತ್ರೆ ತಾನಾಗಿ ಉರುಳಿರಲಿಲ್ಲ. ಮುಟ್ಟಬೇಡ ಅಂದಿದ್ದ ಪಾತ್ರೆಯನ್ನು ತಾನೇನೋ ದೊಡ್ಡವಳೆಂದು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಟವಳು ಸೂಜಿಯಮ್ಮ. ತಂಗಿ ಕಿರುಚಿದ್ದು ಕೇಳಿ ಓಡಿಹೋಗಿ ಪಕ್ಕದ ಮನೆಯ ಮಹಡಿ ಮೆಟ್ಟಿಲ ಕೆಳಗೆ ಅಡಗಿ ಕೂತಿದ್ದಳು. ಸಂಜೆ ಹುಡುಕಿ ಕರೆದುಕೊಂಡು ಬಂದಾಗ ಯಾರೂ ಬೈಯಲಿಲ್ಲ. ಯಾಕೆ ಬೈಯಲಿಲ್ಲವೆಂದು ಅವಳೂ ಕೇಳಲಿಲ್ಲ.

ಮುಂದೆ ತಂಗಿಗೆ ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಕೆಲಸ ಸಿಗುವಂತಾಯಿತು. ಅರ್ಜಿಗೂ ಗುರುತಿನ ಚೀಟಿಗೂ ಫೋಟೋ ಬೇಕಿತ್ತು. ಅಕ್ಕನ ಸ್ಟುಡಿಯೋ ಇರುವಾಗ ಬೇರೆಡೆ ಯಾಕೆ? ಪ್ರೂಫ್ ಬಂದ ದಿನ ಅದರ ಮೇಲೆ ಗುರುತು ಹಾಕಿದವಳು ಸೂಜಿಯಮ್ಮ; ಹಾಕು ಎಂದವರು ಯಾರೂ ಇಲ್ಲ. ನಾಲ್ಕು ದಿನ ಊಟದ ಬಿಡುವನ್ನೂ ಬಿಟ್ಟು ನೆಗೆಟಿವ್ ತಿದ್ದಿದಳು. ಅಂಥ ಕೆಲಸ ಅವಳು ಅದಕ್ಕೆ ಮುಂಚೆ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಕೆನ್ನೆ ಆಗತಾನೇ ತೊಳೆದಿಟ್ಟ ಪಿಂಗಾಣಿ ಬಟ್ಟಲಿನಂತೆ ಬಂದಿತ್ತು. ಯಜಮಾನರೇ ಭೂತಗನ್ನಡಿ ಹಿಡಿದು ನೋಡಿ, "ಸೂಜಿ, ದೇವರು ಮಾಡಿದ ತಪ್ಪನ್ನ ನೀನು ಸರಿ ಮಾಡಿದೆ" ಎಂದಿದ್ದರು. ತಂಗಿ ಪ್ರಿಂಟು ನೋಡಿ, "ಚೆನ್ನಾಗಿದೆ" ಎಂದಷ್ಟೇ ಹೇಳಿ ಲಕೋಟೆಗೆ ಹಾಕಿಕೊಂಡಳು. ಆಮೇಲೆ ಒಂದು ಸಲವೂ ಅವಳು ಆ ಸ್ಟುಡಿಯೋ ಮೆಟ್ಟಿಲು ಹತ್ತಲಿಲ್ಲ. ದೂರ ಅಲ್ವಾ, ಅದಕ್ಕೇ ಬರಲ್ಲ ಎಂದು ಸೂಜಿಯಮ್ಮ ಅಂದುಕೊಂಡಿದ್ದಳು. ಅಂದುಕೊಂಡೇ ನಲವತ್ತು ವರ್ಷ ಕಳೆದಿತ್ತು.

ಆ ವಾರ ಅವಳು ಕಾಲು ಸುಟ್ಟ ಬೆಕ್ಕಿನಂತಾದಳು. ಕುಕ್ಕರ್ ಇಟ್ಟು ನೀರು ಹಾಕುವುದನ್ನು ಮರೆತಳು. ಒಗೆದ ಬಟ್ಟೆಯನ್ನೇ ಮತ್ತೆ ನೆನೆಹಾಕಿದಳು. "ಅಮ್ಮಾ, ನಿನಗೆ ಹುಷಾರಿಲ್ವಾ?" ಎಂದು ಮಗಳು ಕೇಳಿದ್ದಕ್ಕೆ, "ನನಗೇನಾಗಿದೆ ದಾಡಿ" ಎಂದು ರೇಗಿದಳು. ಬುಧವಾರ ಮತ್ತೆ ಹೋದಳು. ಗುರುವಾರವೂ ಹೋದಳು. ಶುಕ್ರವಾರ ಬಾಗಿಲ ಬಳಿಯ ಹೆಂಗಸು ಕಾಗದ ಕೊಡುವ ಬದಲು, "ಬನ್ನಿ ಅಮ್ಮಾ, ಇವತ್ತು ಸ್ವಲ್ಪ ತಡ ಆಯ್ತು?" ಎಂದು ಕೇಳಿದಳು. ಆಮೇಲೆ ಹಿಂದಿನ ಕೋಣೆಯತ್ತ ಕೈ ತೋರಿಸಿ, "ಚಿತ್ರ ಬರೆದವರು ಇಲ್ಲೇ ಇದ್ದಾರೆ. ನಿಮ್ಮನ್ನ ಕೇಳ್ತಿದ್ರು" ಎಂದಳು.

ಚಿತ್ರಗಾರ್ತಿ ನಲವತ್ತರ ಆಸುಪಾಸಿನವಳು. ಉಗುರಿನ ಸಂದಿಯಲ್ಲೆಲ್ಲ ಬಣ್ಣ. ಮಾತಾಡುವಾಗ ಒಂದು ಬೆರಳಿನಿಂದ ಇನ್ನೊಂದು ಬೆರಳಿನ ಬಣ್ಣ ಕೀಳುತ್ತಿದ್ದಳು. ಕುರ್ಚಿ ಎಳೆದು ಕೂರಿಸಿದಳು. ಸೂಜಿಯಮ್ಮ ಕೂತ ಕೂಡಲೇ ಎದ್ದಳು.

"ಆ ಏಳನೇ ಚಿತ್ರ ಇದೆಯಲ್ಲ, ಅದನ್ನ ತೆಗೆದುಬಿಡಿ."

"ಯಾಕಮ್ಮಾ?"

"ಆ ಹುಡುಗಿ ನನಗೆ ಗೊತ್ತು. ಅವಳು ನೋಡಿದ್ರೆ ನೊಂದ್ಕೋತಾಳೆ."

"ಅವರು ಬದುಕಿದ್ದಾರಾ?" ಚಿತ್ರಗಾರ್ತಿಯ ಕೈ ಹಾಗೇ ನಿಂತಿತು. "ನಾನು ಬರೆದವರಲ್ಲಿ ಒಬ್ಬರಾದರೂ ಬದುಕಿದ್ದಾರೆ ಅಂತ ನನಗೆ ಅನಿಸಿರಲೇ ಇಲ್ಲ."

"ನಾವೆಲ್ಲ ಗುಂಡುಕಲ್ಲಿನ ಹಾಗಿದ್ದೀವಿ. ನೀವೇ ಸಾಯಿಸಿಬಿಟ್ರಿ."

ಚಿತ್ರಗಾರ್ತಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಅವರೇ ಬಂದು ತೆಗೀರಿ ಅಂದ್ರೆ ಆ ಕ್ಷಣ ತೆಗೀತೀನಿ. ಆದರೆ ನೀವು ಅವರಿಗೆ ಏನಾಗಬೇಕು?"

ಸೂಜಿಯಮ್ಮ ಸೆರಗು ಸರಿಮಾಡಿಕೊಂಡಳು. "ಗೊತ್ತಿರೋರು" ಎಂದಳು.

"ಆ ಚಿತ್ರಕ್ಕೆ ಐದು ತಿಂಗಳು ಹಿಡೀತು" ಎಂದಳು ಚಿತ್ರಗಾರ್ತಿ. "ಮುಖ ಬೇಗ ಬಂತು. ಬರದೇ ಇದ್ದದ್ದು ಆ ಕೆಂಪು. ಬೇರೆಲ್ಲದರಲ್ಲೂ ಒಂದೇ ಏಟಿಗೆ ಹಾಕಿದ ಸುತ್ತು, ಸಲೀಸಾದ ಕೈ. ಇದರಲ್ಲಿ ಮಾತ್ರ ಕೈ ನಡುಗಿದೆ. ಇವರ ಮೇಲೆ ಅವನಿಗೆ ಏನೋ ದ್ವೇಷ ಇತ್ತು ಅಂತ ಕಾಣತ್ತೆ."

"ಅವನು ಅಂತ ನಿಮಗ್ಯಾರು ಹೇಳಿದ್ದು?" ಎಂದು ಸೂಜಿಯಮ್ಮ ಗದರಿಬಿಟ್ಟಳು. ಗದರಿದವಳು ಅಲ್ಲಿ ನಿಲ್ಲದೆ ಚೀಲ ಎತ್ತಿಕೊಂಡು ಹೊರಟೇಹೋದಳು.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಗೂಬೆಯಣ್ಣನ ಬಾಯಿಗೆ ಬೀಗವಿಲ್ಲ. ಇವತ್ತಲ್ಲ ನಾಳೆ ತಂಗಿಗೆ ಸುದ್ದಿ ಹೋಗುತ್ತದೆ. ಶನಿವಾರ ಬೆಳಿಗ್ಗೆ ಸೂಜಿಯಮ್ಮ ಊರಿನ ಆ ತುದಿಯಲ್ಲಿದ್ದ ತಂಗಿಯ ಮನೆಗೆ ಹೋದಳು. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ತಂಗಿಯ ಗಂಟಲು ಇನ್ನೂ ಟೆಲಿಫೋನ್ ಕಚೇರಿಯದೇ: ಒಂದೊಂದು ಮಾತೂ ತೊಳೆದಿಟ್ಟಷ್ಟು ಸ್ಪಷ್ಟ. ಕಿಟಕಿಯ ಗಾಜು ಒರೆಸುತ್ತಿದ್ದಳು. ಅಕ್ಕ ಎರಡು ಸಲ ಕಾಫಿ ಕುಡಿದು, ಹವೆಯ ವಿಷಯ ಆಡಿ, ಮಂಡಿನೋವಿನ ವಿಷಯ ಆಡಿ, ಏನೂ ಉಳಿಯದೆ ಇದ್ದಾಗ ಒಂದೇ ಉಸಿರಿಗೆ ಎಲ್ಲ ಹೇಳಿದಳು.

ತಂಗಿ ಒರೆಸುವ ಬಟ್ಟೆಯನ್ನು ಹಿಂಡಿ ಒಣಹಾಕಿದಳು. ಸೀರೆ ಬದಲಿಸಿಕೊಂಡು ಬಂದಳು. ಚಪ್ಪಲಿ ಮೆಟ್ಟಿಕೊಂಡು, "ನಡಿ" ಎಂದಳು.

ಶನಿವಾರವಾದ್ದರಿಂದ ಜನ ತುಂಬಿದ್ದರು. ತಂಗಿ ಬೇರೆ ಯಾವ ಚಿತ್ರವನ್ನೂ ನೋಡದೆ ನೇರ ಹೋಗಿ ಏಳನೆಯದರ ಮುಂದೆ ನಿಂತಳು. ಸೂಜಿಯಮ್ಮ ಎರಡು ಹೆಜ್ಜೆ ಹಿಂದೆ ಮುಳ್ಳಿನ ಮೇಲೆ ನಿಂತವಳಂತೆ ನಿಂತಳು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ಚೀಲದ ಜಿಪ್ ಎಳೆದಳು, ಹಾಕಿದಳು.

"ಆ ಜಿಪ್ ಸುಮ್ನೆ ಬಿಡ್ತೀಯಾ?" ಎಂದಳು ತಂಗಿ ತಿರುಗದೆ. ಆಮೇಲೆ, "ಇದನ್ನ ನಾನು ನೋಡೇ ಇರಲಿಲ್ಲ" ಎಂದಳು. "ಆ ವಯಸ್ಸಲ್ಲಿ ನಾನು ಹೆಂಗಿದ್ದೆ ಅಂತ ಇವತ್ತೇ ನೋಡ್ತಿರೋದು. ನೀನು ಕೊಟ್ಟ ಫೋಟೋದಲ್ಲಿ ಇದ್ದೋಳು ಬೇರೆ ಯಾರೋ."

"ಚೆನ್ನಾಗಿದೆ ಅಂದಿದ್ದೆ ನೀನು."

"ಚೆನ್ನಾಗಿದ್ಲು ಅವಳು. ಮೊದಲನೇ ದಿನ ಕೆಲಸಕ್ಕೆ ಹೋದೆ ನೋಡು, ಗೇಟಲ್ಲಿ ಕಾವಲಿನವನು ಚೀಟಿ ನೋಡ್ದ, ನನ್ನ ಮುಖ ನೋಡ್ದ. ಇದು ನೀನಲ್ಲ ಅಂದ. ನಾನೇ ಅಂದೆ. ನಿನ್ನ ಅಕ್ಕನದೋ ತಂಗಿದೋ ತಂದಿದ್ದೀಯಾ ಅಂದ. ಮಧ್ಯಾಹ್ನದ ತನಕ ಗೇಟಿನ ಹೊರಗೆ ನಿಲ್ಲಿಸಿದ. ಹೋಗೋರು ಬರೋರೆಲ್ಲ ಮೊದಲು ಚೀಟಿ, ಆಮೇಲೆ ಕೆನ್ನೆ ನೋಡ್ಕೊಂಡು ಹೋದ್ರು. ಕೊನೆಗೆ ಮೇಲಿನಿಂದ ಅಧಿಕಾರಿ ಇಳಿದು ಬಂದು ಒಳಗೆ ಬಿಟ್ರು. ಎರಡು ವರ್ಷ ಆ ಚೀಟಿ ಇಟ್ಕೊಂಡು ಓಡಾಡಿದೀನಿ. ಕಾವಲಿನವನು ಬದಲಾದಾಗೆಲ್ಲ ಅದೇ ಕಥೆ."

ಸೂಜಿಯಮ್ಮನಿಗೆ ಸಿಟ್ಟು ಬಂತು. "ನಲವತ್ತು ವರ್ಷ ಬಾಯಿ ಬಿಡದೆ ಇದ್ದು ಈಗ ಹೇಳ್ತೀಯಾ? ನಾಲ್ಕು ದಿನ ಊಟ ಬಿಟ್ಟು ತಿದ್ದಿದೀನಿ ನಾನು! ಕಣ್ಣು ಕಿತ್ತುಬಂದಿತ್ತು! ನಿನ್ನ ಒಳ್ಳೇದಕ್ಕೇ ಅಲ್ವಾ?"

"ನಾನು ಕೇಳಿದ್ನಾ? ಒಂದು ಮಾತು ನನ್ನ ಕೇಳಿದ್ಯಾ ನೀನು?"

"ಕೇಳಿದ್ರೆ ಬೇಡ ಅಂತಿದ್ದೆ!"

"ಹಂಗಾದ್ರೆ ಬೇಡ ಅಂತ ಗೊತ್ತಿತ್ತು ನಿನಗೆ!"

ದನಿ ಏರಿತು. ಹಳೆ ಗೋದಾಮಿನ ಗೋಡೆಗಳು ಅದನ್ನು ಇನ್ನೆರಡು ಪಾಲು ಮಾಡಿ ಹಿಂದಿರುಗಿಸಿದವು. ಜನ ಸುತ್ತ ನೆರೆದರು. ಇದೂ ಪ್ರದರ್ಶನದ ಒಂದು ಭಾಗವೇ ಇರಬೇಕೆಂದು ಒಬ್ಬ ಮೊಬೈಲ್ ಎತ್ತಿ ಹಿಡಿದ. ಇನ್ನೊಬ್ಬರು ಮೆಲ್ಲಗೆ ಚಪ್ಪಾಳೆ ತಟ್ಟಿದರು. ತಂಗಿ ಅವರತ್ತ ತಿರುಗಿ, "ನಾಟಕ ಅಲ್ಲ ಸ್ವಾಮೀ, ನಮ್ಮ ಮನೆ ಜಗಳ. ನಿಮ್ಮ ಮನೇಲಿ ಆಗಲ್ವಾ?" ಎಂದಳು. ಆಗ ಅವಳ ಎಡಗೆನ್ನೆ ಬೆಳಕಿಗೆ ಬಂತು. ಜನ ಒಮ್ಮೆ ಅವಳನ್ನು, ಒಮ್ಮೆ ಗೋಡೆಯನ್ನು ನೋಡಿ ತೆಪ್ಪಗಾದರು. ಎತ್ತಿದ ಮೊಬೈಲ್ ಜೇಬಿಗಿಳಿಯಿತು.

ಚಿತ್ರಗಾರ್ತಿ ಗುಂಪು ಸರಿಸಿಕೊಂಡು ಬಂದಳು. ತಂಗಿಯನ್ನು ನೋಡಿ ಅವಳ ಮುಖ ಬಿಳುಪೇರಿತು. "ನೀವು..." ಎಂದಳು.

"ನಾನೇ. ಈ ಸಲ ಚೀಟಿ ತೋರಿಸಬೇಕಾಗಿಲ್ಲ ಅಂತ ಕಾಣತ್ತೆ."

"ತೆಗೀಬೇಕು ಅಂದ್ರೆ ಈಗಲೇ ತೆಗೀತೀನಿ ಅಮ್ಮಾ. ಕೇಳದೆ ಬರೆದದ್ದು ನನ್ನ ತಪ್ಪು."

ತಂಗಿ ಚಿತ್ರವನ್ನು ಇನ್ನೊಮ್ಮೆ ನೋಡಿದಳು. "ಇದಿರಲಿ. ಅದನ್ನ ತೆಗೀರಿ" ಎಂದು ಗೋಡೆಯ ಹಲಗೆ ತೋರಿಸಿದಳು. "ಯಾರನ್ನ ನಿರ್ದಯಿ ಅಂತ ಬರೆದಿದ್ದೀರಿ ನೀವು? ಆ ಕೈ ಇಲ್ಲೇ ನಿಂತಿದೆ ನೋಡಿ, ನಮ್ಮಕ್ಕಂದು. ಅವಳನ್ನ ಬೈಯೋ ಹಕ್ಕು ಇರೋದು ನನಗೊಬ್ಬಳಿಗೇ."

ಎಲ್ಲರ ಕಣ್ಣೂ ಸೂಜಿಯಮ್ಮನ ಕೈಗಳ ಮೇಲೆ ಬಿತ್ತು. ಅವಳು ಎರಡನ್ನೂ ಸೆರಗಿನಡಿ ಮುಚ್ಚಿಕೊಂಡಳು. ಚಿತ್ರಗಾರ್ತಿ ಹೋಗಿ, ಹಲಗೆಯನ್ನು ಮೊಳೆಯಿಂದ ಎತ್ತಿ, ಮುಖ ಗೋಡೆಗೆ ಮಾಡಿ ನೆಲದಲ್ಲಿ ಒರಗಿಸಿಟ್ಟಳು.

ಹೊರಗೆ ಬಸ್ ನಿಲ್ದಾಣದ ಬೆಂಚಿನಲ್ಲಿ ಇಬ್ಬರೂ ಕೂತರು. ಎರಡು ಬಸ್ಸುಗಳು ಬಂದುಹೋದವು. ಬಾಯಿಬಿಟ್ಟರೆ ಇವತ್ತು, ಇಲ್ಲದಿದ್ದರೆ ಇನ್ನಿಲ್ಲ ಎನಿಸಿತು ಸೂಜಿಯಮ್ಮನಿಗೆ.

"ಆ ಪಾತ್ರೆ ತಾನಾಗಿ ಉರುಳಲಿಲ್ಲ" ಎಂದಳು. "ನನ್ನ ಕೈಯಿಂದಲೇ ಬಿದ್ದದ್ದು."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಆವತ್ತಿಂದ. ಐದು ವರ್ಷದೋಳಿಗೆ ಕಣ್ಣಿರಲ್ವಾ?" ತಂಗಿ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದಳು. "ಅಮ್ಮ ಕೇಳಿದ್ಲು, ಯಾರು ಬೀಳಿಸಿದ್ದು ಅಂತ. ಅದೇ ಬಿತ್ತು ಅಂದೆ ನಾನು."

ಅಮ್ಮನೇ ಕಟ್ಟಿದ ಮಾತು ಅದು ಎಂದು ಇಷ್ಟು ವರ್ಷ ನಂಬಿದ್ದವಳು ತಂಗಿಯತ್ತ ತಿರುಗಿದಳು. "ಯಾಕೆ ಹಂಗಂದೆ?"

"ಅಮ್ಮ ನಿನಗೆ ಹೊಡೆದು ಕೈ ಮುರಿದಿದ್ರೆ ನನಗೆ ಜಡೆ ಯಾರು ಹಾಕ್ತಿದ್ರು? ಅಮ್ಮ ಜಡೆ ಹಾಕಿದ್ರೆ ಕೂದಲು ಕಿತ್ತುಬರ್ತಿತ್ತು."

ಸೂಜಿಯಮ್ಮನಿಗೆ ನಗು ಬಂತು. ನಗು ಬಂದ ಬಾಯಲ್ಲೇ ಅಳುವೂ ಬಂತು. ತಂಗಿ ಸಮಾಧಾನ ಮಾಡಲು ಹೋಗಲಿಲ್ಲ. ಚೀಲದಿಂದ ಕರವಸ್ತ್ರ ತೆಗೆದು ಅಕ್ಕನ ತೊಡೆಯ ಮೇಲಿಟ್ಟಳು, ಅಷ್ಟೆ.

"ಅದನ್ನ ನಾನು ಯಾವತ್ತೋ ಮರೆತೆ ಅಕ್ಕ" ಎಂದಳು. "ಫೋಟೋ ಮರೆಯೋಕಾಗಲಿಲ್ಲ. ಈಗಲೂ ಸಿಟ್ಟಿದೆ. ಪೂರ್ತಿ ಹೋಗಿದೆ ಅಂತ ಸುಳ್ಳು ಹೇಳಲ್ಲ."

"ಇರಲಿ."

"ಇರತ್ತೆ."

ಪ್ರದರ್ಶನ ಮುಗಿದ ಮೇಲೆ ಚಿತ್ರಗಾರ್ತಿ ಮೂಲ ಪ್ರೂಫನ್ನು ತಂಗಿಗೆ ತಂದುಕೊಟ್ಟಳು. ಹಾಗೇ, ಈಗಿರುವಂತೆ ಎದುರು ಕೂರಿಸಿಕೊಂಡು ಬರೆಯಲೇ ಎಂದು ಕೇಳಿದಳು. ಜೀವವಿರುವವರನ್ನು ನೋಡಿ ಬರೆದು ಹದಿನೈದು ವರ್ಷವಾಯಿತು, ಬರುತ್ತದೋ ಇಲ್ಲವೋ ಗೊತ್ತಿಲ್ಲ ಎಂದೂ ಹೇಳಿದಳು. ತಂಗಿ ಮೂರು ದಿನ ಸತಾಯಿಸಿ ಒಪ್ಪಿದಳು. ಜೊತೆಗೆ ಅಕ್ಕನೂ ಬರಬೇಕೆಂದು ಷರತ್ತು ಹಾಕಿದಳು.

ಚಿತ್ರಗಾರ್ತಿಯ ಕೆಲಸದ ಕೋಣೆ ಮೂರನೇ ಮಹಡಿಯಲ್ಲಿತ್ತು. ಎಲ್ಲೆಲ್ಲೂ ಟರ್ಪೆಂಟೈನ್ ವಾಸನೆ. ಕಿಟಕಿಯ ಬಳಿ ತಂಗಿ ಕುರ್ಚಿಯಲ್ಲಿ ಕಲ್ಲಿನಂತೆ ಕೂತಳು. ದಿನಕ್ಕೆ ಎಂಟು ಗಂಟೆ ಸ್ವಿಚ್‌ಬೋರ್ಡಿನ ಮುಂದೆ ಕೂತು ಅಭ್ಯಾಸವಾದವಳು. ಕೂರಲಾರದೆ ಒದ್ದಾಡಿದವರು ಉಳಿದಿಬ್ಬರು. ಚಿತ್ರಗಾರ್ತಿ ನಾಲ್ಕು ಗೆರೆ ಎಳೆದು ಒರೆಸಿದಳು, ಮತ್ತೆ ಎಳೆದಳು. ಅಲುಗದ ಫೋಟೋಗಳಿಗೆ ಒಗ್ಗಿದ ಅವಳ ಕಣ್ಣಿಗೆ, ಉಸಿರಾಡುವ ಮುಖ ಒಂದು ಕ್ಷಣವೂ ಒಂದೇ ಥರ ನಿಲ್ಲಲಿಲ್ಲ. ಸೂಜಿಯಮ್ಮ ಮಣೆಯಿಂದ ಎದ್ದು ಬಂದು ಅವಳ ಭುಜದ ಹಿಂದಿನಿಂದ ಇಣುಕಿದಳು. ಹಣೆ ಬಂದಿತ್ತು, ಮೂಗು ಬಂದಿತ್ತು. ಎಡಗೆನ್ನೆ ಇನ್ನೂ ಖಾಲಿ ಕ್ಯಾನ್ವಾಸು. ಹೋಗಿ ಕೂತಳು. ಮತ್ತೆ ಎದ್ದು ಬಂದಳು.

"ಅಕ್ಕ, ಒಂದು ಕಡೆ ಕೂರು ಮಾರಾಯ್ತಿ" ಎಂದಳು ತಂಗಿ ತುಟಿ ಅಲುಗಿಸದೆ. "ನನ್ನ ಕಣ್ಣು ನಿನ್ನ ಹಿಂದೇನೇ ಓಡಾಡ್ತಿದೆ."

"ಕೂತರೆ ಕಾಣಲ್ಲ ನನಗೆ."

"ಕಾಣದೆ ಇದ್ರೇನಂತೆ?"

ಚಿತ್ರಗಾರ್ತಿ ಕುಂಚ ಕೆಳಗಿಟ್ಟು, ಮೂಲೆಯಲ್ಲಿದ್ದ ಎತ್ತರದ ಸ್ಟೂಲನ್ನು ದರದರ ಎಳೆದು ತಂದು ತನ್ನ ಪಕ್ಕದಲ್ಲೇ ಹಾಕಿದಳು. ಸೂಜಿಯಮ್ಮ ಅದರ ಮೇಲೆ ಹತ್ತಿ ಕೂತು, ಕನ್ನಡಕ ಸರಿಮಾಡಿಕೊಂಡು, ತಂಗಿಯ ಕೆನ್ನೆಯನ್ನು ಕಣ್ಣು ತಪ್ಪಿಸದೆ ನೋಡಲು ಶುರುಮಾಡಿದಳು.